ಸ್ಟೆಪ್ನಿ ಇಲ್ಲದ ಧ್ವನಿ

ನನ್ನ ಅಕ್ಕನ ಗಂಡ ಇಪ್ಪತ್ತಾರು ವರ್ಷ ಜನರಿಗೆ ಕಾರು ಓಡಿಸುವುದನ್ನು ಕಲಿಸಿದರು. ಕಲಿಸಿದರು ಅನ್ನುವುದಕ್ಕಿಂತ ಬೈದರು ಅನ್ನುವುದೇ ಸರಿ. ಅವರ ಡ್ರೈವಿಂಗ್ ಶಾಲೆ ಅಂದರೆ ರಸ್ತೆಗೆ ತೆರೆದುಕೊಂಡ ಒಂದು ಕೋಣೆ, ಗೋಡೆಯ ಮೇಲೆ ಸಂಚಾರ ಚಿಹ್ನೆಗಳ ಮಾಸಿದ ಪಟ, ಹೊರಗೆ ಎರಡು ಕಾರು. ಕಲಿಯುವವರ ಕಾಲಿಗೊಂದು, ಅವರ ಕಾಲಿಗೊಂದು ಅಂತ ಎರಡೆರಡು ಬ್ರೇಕು, ಎರಡೆರಡು ಕ್ಲಚ್ಚು ಇದ್ದ ಕಾರುಗಳು. ಕಿಟಕಿಯ ಗಾಜು ಏರಿಸಿದ್ದರೂ "ಕ್ಲಚ್, ಕ್ಲಚ್, ಅದು ಬ್ರೇಕು ತಾಯಿ" ಅನ್ನುವ ಭಾವನ ಗಂಟಲು ರಸ್ತೆಯಾಚೆಯ ಔಷಧದಂಗಡಿಗೆ ಕೇಳುತ್ತಿತ್ತು. ಊರಿನ ಮುಕ್ಕಾಲು ಪಾಲು ಜನ ಅವರ ಹತ್ತಿರ ಬೈಸಿಕೊಂಡವರೇ. ಆದರೂ ಪರೀಕ್ಷೆ ಪಾಸಾದ ಕೂಡಲೇ ಮನೆಗಿಂತ ಮೊದಲು ಅವರಿಗೆ ಫೋನು ಮಾಡುತ್ತಿದ್ದರು. ಅದಕ್ಕೂ ಉತ್ತರ ಬೈಗುಳವೇ.

"ಪಾಸಾದ್ಯಾ? ಪಕ್ಕ ಕೂತವನಿಗೆ ಕಣ್ಣು ಕಾಣಲ್ವಾ?"

ಅದೇ ರಸ್ತೆಯ ತುದಿಯಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗದಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಭಾವ ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಅಂಗಡಿ ತೆರೆದ ದಿನದಿಂದ ನಾನು ಅವರಿಗೆ ರಿಪೇರಿ. "ಏನಮ್ಮ ರಿಪೇರಿ, ಇವತ್ತು ಎಷ್ಟು ಜನರ ಮೆಷಿನ್ ಕೆಡಿಸ್ದೆ?" ಅಂತ ಕಾರು ನಿಧಾನ ಮಾಡಿ ಕೇಳಿ ಮುಂದೆ ಹೋಗುವರು. ನನಗೂ ಬಾಯಿ ಕಡಿಮೆಯಿಲ್ಲ. "ನಿಮ್ಮ ಹತ್ರ ಕಲಿತೋರು ಮುರಿದ ಗೇಟುಗಳಿಗಿಂತ ಕಡಿಮೆನೇ" ಅನ್ನುತ್ತಿದ್ದೆ.

ನನ್ನ ಕೆಲಸದ ಒಂದು ಅಭ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ. ಸಣ್ಣಪುಟ್ಟ ತೊಂದರೆಗಳನ್ನು ನಾನು ಫೋನಿನಲ್ಲೇ ಸರಿಮಾಡಿಸುತ್ತಿದ್ದೆ. ಪರದೆಯ ಮೇಲೆ ಏನಾದರೂ ಪ್ರಶ್ನೆ ಬಂದರೆ ಸಾಕು, ಜನ ಅದನ್ನು ಅಕ್ಷರ ಅಕ್ಷರ ಕೂಡಿಸಿ ನನಗೆ ಓದಿ ಹೇಳಲು ಕೂರುತ್ತಾರೆ. ಇತ್ತ ನನ್ನ ಮೇಜಿನ ಮುಂದೆ ಮೂವರು ನಿಂತಿರುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಕೆಲಸಕ್ಕೆ ಬಾರದ ಪ್ರಶ್ನೆ. ಹಾಗಾಗಿ ಎಲ್ಲರಿಗೂ ಒಂದೇ ಮಾತು ರೂಢಿ ಮಾಡಿಸಿದ್ದೆ: ಓದಬೇಡಿ, ಹೌದು ಒತ್ತಿ. ನನ್ನ ಅಕ್ಕನಂತೂ ಔಷಧದ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೂ ಬಿಡದೆ ಓದುವವಳು. ಅವಳನ್ನು ಅರ್ಧಕ್ಕೇ ತಡೆದು "ಒತ್ತು ಅಕ್ಕ" ಅನ್ನುವುದು ನನಗೆ ಉಸಿರಾಡಿದಷ್ಟು ಸಲೀಸಾಗಿತ್ತು.

ಭಾವನ ಗಂಟಲು ಒಡೆದದ್ದು ಮೊದಮೊದಲು ಯಾರಿಗೂ ದೊಡ್ಡದೆನಿಸಲಿಲ್ಲ. ಇಷ್ಟು ವರ್ಷ ಕೂಗಿದ ಗಂಟಲು, ಒಡೆಯದೆ ಇನ್ನೇನಾದೀತು ಅಂದುಕೊಂಡೆವು. ಎರಡು ತಿಂಗಳಾದರೂ ಸರಿಹೋಗದಿದ್ದಾಗ ಆಸ್ಪತ್ರೆಗೆ ಹೋದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಧ್ವನಿಪೆಟ್ಟಿಗೆಯಲ್ಲಿ ಗೆಡ್ಡೆ ಇದೆ, ಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು ಅಂದರು. ತೆಗೆದ ಮೇಲೆ ಕತ್ತಿನಲ್ಲಿ ಒಂದು ತೂತು ಇರುತ್ತದೆ, ಉಸಿರಾಟವೆಲ್ಲ ಅದರಿಂದಲೇ. ಮಾತು ಇರುವುದಿಲ್ಲ. ಇಷ್ಟು ಹೇಳಿ ನಾಲ್ಕು ವಾರ ಬಿಟ್ಟು ಒಂದು ದಿನಾಂಕ ಬರೆದುಕೊಟ್ಟರು. ಹೊರಗೆ ಬಂದು ಕಾರು ಹತ್ತುತ್ತಾ ಭಾವ, "ಇನ್ಮೇಲೆ ಹಾರ್ನ್ ಒಂದೇ ಗತಿ" ಅಂದರು. ನಾವಿಬ್ಬರೂ ನಗಲಿಲ್ಲ.

ಅವರ ಧ್ವನಿಯನ್ನು ಉಳಿಸಬಹುದು ಅಂತ ಹೇಳಿದವಳು ನಾನು. ಯಾವುದೋ ವಿಶ್ವವಿದ್ಯಾಲಯದವರು ಒಂದು ಪ್ರೋಗ್ರಾಂ ಮಾಡಿ ಪುಕ್ಕಟೆ ಬಿಟ್ಟಿದ್ದರು. ಅದು ಪರದೆಯ ಮೇಲೆ ಒಂದೊಂದೇ ವಾಕ್ಯ ತೋರಿಸುತ್ತದೆ, ನಾವು ಓದಬೇಕು. ಸಾವಿರಕ್ಕೂ ಮೇಲೆ ವಾಕ್ಯ ಓದಿದರೆ ಅದು ಆ ಧ್ವನಿಯನ್ನು ಕಲಿತುಕೊಳ್ಳುತ್ತದೆ. ಆಮೇಲೆ ಏನು ಟೈಪು ಮಾಡಿದರೂ ಅದೇ ಧ್ವನಿಯಲ್ಲಿ ಹೇಳುತ್ತದೆ. ತೊಡಕು ಒಂದೇ. ಎಲ್ಲರ ಮನೆಯ ಕಂಪ್ಯೂಟರಿನಲ್ಲೂ ಇರುವ ಸಿಸ್ಟಮ್ಮಿನಲ್ಲಿ, ಅಂದರೆ ಮೆಷಿನ್ನನ್ನು ನಡೆಸುವ ಮೂಲ ಪ್ರೋಗ್ರಾಂನಲ್ಲಿ, ಅದು ನಡೆಯುವುದಿಲ್ಲ, ಅದಕ್ಕೆ ಬೇರೆಯದೇ ಬೇಕು. ಅಕ್ಕನ ಮನೆಯ ಕಂಪ್ಯೂಟರಿನಲ್ಲಿ ಅವಳ ಹಳೆಯ ಫೋಟೋ, ಕಾಗದಪತ್ರ ಎಲ್ಲ ಇದ್ದವು. ಅದನ್ನು ಅಲ್ಲಾಡಿಸದೆ ಡಿಸ್ಕನ್ನು ಎರಡು ಭಾಗ ಮಾಡಿ, ಒಂದರಲ್ಲಿ ಹಳೆಯ ಸಿಸ್ಟಮ್ಮನ್ನು ಇದ್ದ ಹಾಗೇ ಬಿಟ್ಟು, ಇನ್ನೊಂದರಲ್ಲಿ ಹೊಸದನ್ನು ಹಾಕಿದೆ. ಗುಂಡಿ ಒತ್ತಿದ ಕೂಡಲೇ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತವೆ, ಯಾವುದು ಬೇಕೋ ಆರಿಸಿಕೊಳ್ಳಬೇಕು ಅಂತ ತೋರಿಸಿಕೊಟ್ಟೆ.

"ಗೊತ್ತಾಯ್ತು ಬಿಡು," ಅಂದರು ಭಾವ. "ಒಂದೇ ಗಾಡಿ, ಇಬ್ರು ಡ್ರೈವರು. ಒಬ್ಬ ಇಳಿದ ಮೇಲೇನೇ ಇನ್ನೊಬ್ಬ ಹತ್ತೋದು."

ಹತ್ತೊಂಬತ್ತು ದಿನ ಅವರು ಓದಿದರು. ಮನೆಯ ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತಾ ಓದಿದರು. ನೋವಿಗೆ ನಡುನಡುವೆ ಬಿಸಿನೀರು ಗುಟುಕರಿಸುತ್ತಿದ್ದರು. ಪ್ರೋಗ್ರಾಂ ಕೊಟ್ಟ ವಾಕ್ಯಗಳು ಸಪ್ಪೆಯಾಗಿದ್ದವು. "ಇದನ್ನೆಲ್ಲ ನಾನು ಜನ್ಮದಲ್ಲಿ ಯಾರಿಗೂ ಹೇಳಿಲ್ಲ" ಅಂತ ಗೊಣಗಿ ತಮ್ಮವನ್ನೂ ಸೇರಿಸಿದರು. ಕನ್ನಡಿ ನೋಡೋದು ಮುಖ ನೋಡ್ಕೊಳ್ಳೋಕಲ್ಲ. ಎಡಕ್ಕೆ ಅಂದ್ರೆ ನಿನ್ನ ಎಡ, ನನ್ನ ಎಡ ಅಲ್ಲ. ಹೆದರಿಕೊಂಡು ಓಡಿಸೋನಿಗಿಂತ ಮನೇಲಿ ಕೂತೋನು ಮೇಲು. ಕೊನೆಯ ದಿನಗಳಲ್ಲಿ ಧ್ವನಿ ಗೊಗ್ಗರಾಗಿತ್ತು. ಒಂದೊಂದು ವಾಕ್ಯವನ್ನು ಐದಾರು ಸಲ ಓದುತ್ತಿದ್ದರು. ಒಟ್ಟು ಒಂದು ಸಾವಿರದ ನಾಲ್ಕುನೂರ ಇಪ್ಪತ್ತು ವಾಕ್ಯಗಳಾದವು. ಮಾರನೆಯ ವಾರ ಧ್ವನಿಪೆಟ್ಟಿಗೆ ತೆಗೆದರು.

ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಧ್ವನಿಯನ್ನು ತಯಾರು ಮಾಡಿಟ್ಟಿದ್ದೆ. ಮೊದಲ ದಿನ ಭಾವ ಎರಡೇ ಬೆರಳಲ್ಲಿ ಏನೋ ಟೈಪು ಮಾಡಿ ಗುಂಡಿ ಒತ್ತಿದರು.

"ಸ್ಟವ್ ಆರಿಸಿದ್ಯೇನೇ?" ಅಂತ ಅವರ ಧ್ವನಿ ಕೋಣೆಯಿಂದ ಕೂಗಿತು.

ಅಡಿಗೆಮನೆಯಲ್ಲಿದ್ದ ಅಕ್ಕ ಅಭ್ಯಾಸಬಲದಿಂದ "ಹೂಂ ರೀ" ಅಂದಳು. ಆಮೇಲೆ ಬಾಗಿಲಿಗೆ ಬಂದು ನಿಂತು ಅತ್ತಳು. ನಾನೂ ಅತ್ತೆ. ನನ್ನ ಕೈಯಿಂದ ಆದ ಕೆಲಸಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಅಂತ ಆಗ ಅನ್ನಿಸಿತ್ತು. ಆ ಹೆಮ್ಮೆ ಸುಳ್ಳಲ್ಲ, ಈಗಲೂ ಅನ್ನುತ್ತೇನೆ.

ಎರಡು ಸಿಸ್ಟಮ್ ಇಟ್ಟ ಮೆಷಿನ್ನಿನ ಕಾಟಗಳು ಇದ್ದೇ ಇದ್ದವು. ಹೊಸದರಿಂದ ಹಳೆಯದಕ್ಕೆ ಹೋದಾಗಲೆಲ್ಲ ಗಡಿಯಾರ ಕೆಲವು ಗಂಟೆ ಆಚೀಚೆಯಾಗುತ್ತಿತ್ತು. ಒಂದು ಸಲ ಹಳೆಯ ಸಿಸ್ಟಮ್ಮು ತನ್ನಷ್ಟಕ್ಕೆ ಏನೋ ಅಪ್‌ಡೇಟ್ ಮಾಡಿಕೊಂಡು, ಆ ಎರಡು ಸಾಲಿನ ಕಪ್ಪು ಪರದೆಯನ್ನೇ ತಳ್ಳಿಹಾಕಿ ನೇರವಾಗಿ ತಾನೇ ತೆರೆದುಕೊಂಡಿತು. ಅಕ್ಕ ಗಾಬರಿಯಾಗಿ ಕರೆದಳು. ಇದು ನಮ್ಮ ಕಸುಬಿನಲ್ಲಿ ದಿನಬೆಳಗಾದರೆ ನೋಡುವಂಥದ್ದು. ಹೋಗಿ, ಮೆಷಿನ್ ಏಳುವಾಗ ಮೊದಲು ಯಾವುದನ್ನು ನೋಡಬೇಕು ಅನ್ನುವ ಪಟ್ಟಿಯಲ್ಲಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಹತ್ತು ನಿಮಿಷದಲ್ಲಿ ಸರಿಮಾಡಿದೆ. ಧ್ವನಿ ಇದ್ದಲ್ಲೇ ಇತ್ತು.

ಮಾಡಬೇಕಾಗಿ ಉಳಿದದ್ದು ಒಂದು ಕೆಲಸ. ಆ ಧ್ವನಿಯನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿ ಇಡಬೇಕಿತ್ತು. ಅದಕ್ಕಂತಲೇ ಒಂದು ಹೊಸ ಡಿಸ್ಕನ್ನೂ ತಂದಿಟ್ಟಿದ್ದೆ. ಅಷ್ಟರಲ್ಲಿ ಶಾಲೆಯ ಆಫೀಸ್ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಸಂಚಾರ ನಿಯಮದ ಪಾಠದ ವಿಡಿಯೋಗಳು ಪೆನ್‌ಡ್ರೈವುಗಳಲ್ಲೇ ಉಳಿದಿದ್ದವು. ಆಗ ಆಫೀಸು ನೋಡಿಕೊಳ್ಳುತ್ತಿದ್ದವಳು ಅಕ್ಕ. ಬೇಗ ಏನಾದರೂ ಮಾಡು ಅಂದಳು. ಆ ಹೊಸ ಡಿಸ್ಕನ್ನೇ ತೆಗೆದುಕೊಂಡು ಹೋಗಿ ಆಫೀಸ್ ಮೆಷಿನ್ನಿಗೆ ಜೋಡಿಸಿದೆ. ನಕಲಿಗೆ ಮುಂದಿನ ವಾರ ಇನ್ನೊಂದು ತಂದರಾಯಿತು ಅಂದುಕೊಂಡೆ. ಆವತ್ತು ಗಡಿಬಿಡಿಯಲ್ಲಿದ್ದೆ. "ಹೊಸ ಡಿಸ್ಕು, ಫಾರ್ಮ್ಯಾಟ್ ಮಾಡ್ಲಾ, ಅಂದ್ರೆ ಎಲ್ಲ ಅಳಿಸಿ ಹೊಸದಾಗಿ ಸಜ್ಜು ಮಾಡ್ಲಾ ಅಂತ ಕೇಳುತ್ತೆ. ಕೇಳಿದಾಗ ಫೋನ್ ಮಾಡು, ಹೇಳ್ತೀನಿ" ಅಂತ ಅಕ್ಕನಿಗೆ ಹೇಳಿ ಬಂದುಬಿಟ್ಟೆ.

ಆ ವಾರ ಭಾವ ಒಂದು ತೀರ್ಮಾನ ಮಾಡಿದ್ದರು. ಸೋಮವಾರ ಹೊಸಬರ ತಂಡ ಬರುವುದಿತ್ತು. ಮೊದಲ ದಿನದ ಪಾಠವನ್ನು ತಾವೇ ಮಾಡುತ್ತೇನೆ, ಮೆಷಿನ್ನಿಗೆ ಸ್ಪೀಕರ್ ಹಾಕಿ ತಮ್ಮ ಧ್ವನಿಯಲ್ಲೇ ಮಾತಾಡುತ್ತೇನೆ ಅಂತ ಸ್ಲೇಟಿನ ಮೇಲೆ ಬರೆದು ತೋರಿಸಿದ್ದರು. ಅದಕ್ಕಾಗಿ ಶುಕ್ರವಾರ ಬೆಳಿಗ್ಗೆ ಗಂಡ ಹೆಂಡತಿ ಸೇರಿ ಮನೆಯ ಕಂಪ್ಯೂಟರನ್ನು ಕಾರಿನಲ್ಲಿ ಹಾಕಿಕೊಂಡು ಆಫೀಸಿಗೆ ತಂದು, ಅಲ್ಲಿದ್ದುದನ್ನು ಮೇಜಿನ ಕೆಳಗಿಟ್ಟು, ಇದನ್ನು ಮೇಲಿಟ್ಟರು. ನನಗೆ ಈ ಸಾಗಾಟ ಗೊತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಅಕ್ಕನ ಫೋನು ಬಂತು. ನನ್ನ ಮುಂದೆ ಒಬ್ಬರು ಒಡೆದ ಲ್ಯಾಪ್‌ಟಾಪ್ ಹಿಡಿದುಕೊಂಡು ನಿಂತಿದ್ದರು.

"ಆಫೀಸಿಂದ ಮಾಡ್ತಿದೀನಿ ಕಣೆ. ಡಿ ಡ್ರೈವ್ ಫಾರ್ಮ್ಯಾಟ್ ಮಾಡ್ಬೇಕು, ಮಾಡ್ಲಾ ಅಂತ ಕೇಳ್ತಿದೆ."

"ಕೇಳುತ್ತೆ ಅಂದಿದ್ನಲ್ಲ. ಹೌದು ಒತ್ತು."

"ಅಲ್ಲ, ಇದು ಮನೆ ಕಂಪ್ಯೂ..."

"ಅಕ್ಕ, ಅಂಗಡೀಲಿ ಜನ ನಿಂತಿದಾರೆ. ಓದ್ಬೇಡ, ಒತ್ತು."

"ಕೆಳಗೆ ಇನ್ನೂ ಏನೋ ಬರೆದಿದೆ. ಇದರಲ್ಲಿರೋದೆಲ್ಲ ಅಳಿಸಿ..."

"ಅದು ಯಾವಾಗ್ಲೂ ಹಾಗೇ ಹೇಳೋದು. ಒತ್ತಿದ್ರೆ ಖಾಲಿ ಡ್ರೈವ್ ಕಾಣಿಸುತ್ತೆ. ವಿಡಿಯೋ ಎಲ್ಲ ತಗೊಂಡು ಅದರೊಳಗೆ ಹಾಕ್ಬಿಡು."

"ಸರಿ ಹಾಗಾದ್ರೆ."

ಒಂದು ನಿಮಿಷಕ್ಕಿಂತ ಕಡಿಮೆ. 'ಮನೆ' ಅನ್ನುವ ಪದ ನನ್ನ ಕಿವಿಗೆ ಬಿದ್ದಿತ್ತು. ಬಿದ್ದಿರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಬಿದ್ದದ್ದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಅಷ್ಟೇ.

ಮಧ್ಯಾಹ್ನ ಎರಡೂವರೆಗೆ ಮತ್ತೆ ಫೋನು. "ವಿಡಿಯೋ ಎಲ್ಲ ಹಾಕಾಯ್ತು. ಈಗ ಆ ಎರಡು ಸಾಲಿನ ಕಪ್ಪು ಪರದೆ ಬರ್ತಾನೇ ಇಲ್ಲ ಕಣೆ. ಭಾವ ಮಾತಾಡಿ ನೋಡ್ಬೇಕು ಅಂತ ಕೂತಿದಾರೆ."

"ಮನೆಗೆ ಯಾವಾಗ ಹೋದೆ?" ಅಂದೆ.

"ಮನೇಲೆಲ್ಲಿದೀನಿ, ಆಫೀಸಲ್ಲೇ ಇದೀನಿ."

ಆಫೀಸಿನ ಮೆಷಿನ್ನಿಗೆ ಎರಡು ಸಾಲಿನ ಪರದೆ ಎಲ್ಲಿಂದ ಬರಬೇಕು? ಅಂಗಡಿಗೆ ಬೀಗವನ್ನೂ ಹಾಕದೆ ರಸ್ತೆಯುದ್ದಕ್ಕೂ ಓಡಿದೆ. ಓಡುತ್ತಾ ಒಂದೇ ಆಸೆ ಹಿಡಿದುಕೊಂಡಿದ್ದೆ, ಹೋದ ಸಲದ ಹಾಗೆ ಬರೀ ಪಟ್ಟಿ ಮೇಲೆ ಕೆಳಗೆ ಆಗಿರಲಿ ಅಂತ.

ಭಾವ ಕುರ್ಚಿಯಲ್ಲಿ ಕೂತಿದ್ದರು. ಕತ್ತಿಗೆ ಕಟ್ಟಿಕೊಳ್ಳುವ ಬಿಳಿ ಬಟ್ಟೆ ಒಗೆದು ಇಸ್ತ್ರಿ ಮಾಡಿದ್ದು. ಪಕ್ಕದಲ್ಲಿ ಹೊಸ ಸ್ಪೀಕರ್. ನಾನು ಪೆನ್‌ಡ್ರೈವ್ ಸಿಕ್ಕಿಸಿ, ಮೆಷಿನ್ನನ್ನು ಅದರಿಂದ ಎಬ್ಬಿಸಿ, ಡಿಸ್ಕಿನ ಭಾಗಗಳನ್ನು ತೆರೆದು ನೋಡಿದೆ. ಮೊದಲ ಭಾಗ ಇದ್ದ ಹಾಗೇ ಇತ್ತು. ಎರಡನೆಯದು ಹೊಸದಾಗಿ ಫಾರ್ಮ್ಯಾಟ್ ಆಗಿ, ಅದರ ತುಂಬ ಸಂಚಾರ ನಿಯಮದ ವಿಡಿಯೋಗಳು. ಆಗಿದ್ದೇನು ಅನ್ನುವುದು ಒಂದೇ ನೋಟಕ್ಕೆ ತಿಳಿಯಿತು. ಹಳೆಯ ಸಿಸ್ಟಮ್ಮು ಅಪ್‌ಡೇಟ್ ಆಗಿ ನೇರವಾಗಿ ತಾನೇ ತೆರೆದುಕೊಂಡಿದೆ. ಅದಕ್ಕೆ ಹೊಸದರ ಬರಹ ಓದಲು ಬರುವುದಿಲ್ಲ. 'ಡಿ' ಅಂತ ಕಾಣುತ್ತಿದ್ದ ಆ ಭಾಗವನ್ನು ಏನೂ ಇಲ್ಲದ ಜಾಗ ಅಂದುಕೊಂಡು ಫಾರ್ಮ್ಯಾಟ್ ಮಾಡಲೇ ಅಂತ ಕೇಳಿದೆ. ಹೌದು ಒತ್ತಿಸಿದವಳು ನಾನು. ಒತ್ತಿದ್ದಷ್ಟೇ ಆಗಿದ್ದರೆ ಬಹುಪಾಲು ವಾಪಸು ತೆಗೆಯಬಹುದಿತ್ತು. ಅದರ ಮೇಲೆ ಎರಡು ಗಂಟೆ ಕಾಲ ವಿಡಿಯೋ ತುಂಬಲು ಹೇಳಿದವಳೂ ನಾನೇ.

ಆಗ ನಾನು ಆಡಿದ ಮಾತು ಇದು.

"ಯಾವ ಕಂಪ್ಯೂಟರ್ ಅಂತ ಹೇಳ್ಬೇಕಿತ್ತಲ್ಲ ಅಕ್ಕ."

ಅಕ್ಕ ನನ್ನ ಮುಖ ನೋಡಿದಳು. ಭಾವ ಸ್ಲೇಟು ಎಳೆದುಕೊಂಡು ಬಳಪ ಹಿಡಿದರು. ಅಕ್ಕ ಅವರ ಕೈಯ ಮೇಲೆ ಕೈಯಿಟ್ಟಳು.

"ಹೌದು. ನಾನು ಸರಿಯಾಗಿ ಹೇಳ್ಲಿಲ್ಲ," ಅಂದಳು.

ನಾನು ಬೇಡ ಅನ್ನಲಿಲ್ಲ. ಆ ಕ್ಷಣದಲ್ಲಿ ನನಗೆ ಬಂದ ಭಾವನೆಗೆ ಸಮಾಧಾನ ಅನ್ನುವುದೇ ಸರಿಯಾದ ಹೆಸರು. ಅದಕ್ಕೆ ನನಗೆ ನಾಚಿಕೆಯಾಗುತ್ತದೆ.

ಡಿಸ್ಕನ್ನು ಬಿಚ್ಚಿ ಅಂಗಡಿಗೆ ತಂದು ಮೂರು ದಿನ ಹುಡುಕಿದೆ. ಬೇರೆ ಗಿರಾಕಿಗಳನ್ನು ಬಾಗಿಲಿಂದಲೇ ಕಳಿಸಿದೆ. ಸೋಮವಾರ ಹೊಸಬರ ತಂಡ ಬಂತಂತೆ. ಭಾವ ಕೈಸನ್ನೆ ಮಾಡಿ, ಸ್ಲೇಟಿನ ಮೇಲೆ ಬರೆದು ಒರೆಸಿ, ಬರೆದು ಒರೆಸಿ, ಅರ್ಧ ಗಂಟೆಯಲ್ಲಿ ಕೈಚೆಲ್ಲಿ ಒಳಗೆ ಹೋಗಿ ಕೂತರಂತೆ. ಆ ಒಂದು ಸಾವಿರದ ನಾಲ್ಕುನೂರ ಇಪ್ಪತ್ತರಲ್ಲಿ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಮೂವತ್ತೊಂದು ಬೇರೆ ತುಣುಕುಗಳು. ಓದುವಾಗ ಕೆಟ್ಟು ಹೋಗಿ ಕೈಬಿಟ್ಟವು. ಪ್ರೋಗ್ರಾಂ ಅವನ್ನು ಡಿಸ್ಕಿನ ಕೊನೆಯ ಮೂಲೆಯಲ್ಲಿ ಬಿಸಾಕಿತ್ತು, ವಿಡಿಯೋಗಳು ಅಲ್ಲಿವರೆಗೆ ತಲುಪಿರಲಿಲ್ಲ. ಕೆಮ್ಮು, ನೀರು ಕುಡಿಯುವ ಸದ್ದು, ಅರ್ಧ ವಾಕ್ಯ, "ಥೂ, ಇನ್ನೊಂದ್ಸಲ", "ಸರಿಯಾಗ್ಲಿಲ್ಲ, ಇನ್ನೊಂದ್ಸಲ". ಅಷ್ಟರಿಂದ ಧ್ವನಿಯನ್ನು ಮತ್ತೆ ಕಟ್ಟಲಾಗುವುದಿಲ್ಲ.

ಮೂವತ್ತೊಂದನೆಯದು ಬೇರೆ ಥರ ಇತ್ತು. ಯಾವುದೋ ದಿನ ಓದು ಮುಗಿದ ಮೇಲೂ ಮೈಕು ಆರಿಸುವುದನ್ನು ಮರೆತಿದ್ದೆವು. ಒಂದು ನಿಮಿಷ ಹತ್ತು ಸೆಕೆಂಡು. ಕುರ್ಚಿ ಸರಿದ ಸದ್ದು, ಆಮೇಲೆ ಭಾವ, ಓದುವ ಧ್ವನಿಯಲ್ಲಲ್ಲ, ತಮ್ಮ ಸ್ವಂತ ಧ್ವನಿಯಲ್ಲಿ.

"ಏನಮ್ಮ ರಿಪೇರಿ, ಇಷ್ಟು ದಿನ ಬಡ್ಕೊಂಡಿದ್ದೆಲ್ಲ ಎಲ್ಲಿ ಕೂತಿದೆ?"

"ಇದೇ ಡಬ್ಬದಲ್ಲಿ ಭಾವ."

"ಡಬ್ಬ ಕೆಟ್ರೆ?"

"ಕೆಡಲ್ಲ."

"ಗಾಡಿ ಮಾರೋನೂ ಹಾಗೇ ಹೇಳ್ತಾನೆ. ಸ್ಟೆಪ್ನಿ ಚಕ್ರ ಇಲ್ದೆ ನಾನು ಗಾಡಿ ತೆಗೆಯೋನಲ್ಲ ನೋಡು."

"ನಾಳೆನೇ ಇನ್ನೊಂದು ಡಿಸ್ಕ್ ತಂದು ನಕಲು ಮಾಡಿಡ್ತೀನಿ. ನಿಮ್ಮ ಸ್ಟೆಪ್ನಿ ನನ್ನ ಜವಾಬ್ದಾರಿ, ಸರಿನಾ?"

"ಕೇಳಿದ್ಯೇನೇ," ಅಂತ ಅವರು ಅಕ್ಕನನ್ನು ಕೂಗುತ್ತಾರೆ. "ನಿನ್ನ ತಂಗಿ ನಂಗೆ ಸ್ಟೆಪ್ನಿ ಮಾಡಿಡ್ತಾಳಂತೆ. ಇನ್ಮೇಲೆ ನಿಂಗೆ ಎರಡೆರಡು ಕಡೆಯಿಂದ ಬೈಗುಳ." ಅಕ್ಕ ದೂರದಿಂದ ಏನೋ ಅನ್ನುತ್ತಾಳೆ, ಪದ ಕೇಳುವುದಿಲ್ಲ. ಆಮೇಲೆ ಭಾವ ನಗುತ್ತಾರೆ. ಹೊಟ್ಟೆಯಿಂದ ಎದ್ದು ಬಂದ ನಗು, ನಡುವೆ ಕೆಮ್ಮು ಬಂದರೂ ನಿಲ್ಲದ ನಗು.

ಅದನ್ನು ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ. ಅದರಲ್ಲಿದ್ದದ್ದು ಅವರ ಪೂರ್ತಿ ಧ್ವನಿ, ಜೊತೆಗೆ ನಾನು ಕೊಟ್ಟು ತಪ್ಪಿದ ಮಾತು. ಮಾತು ಕೊಟ್ಟು ಐದು ತಿಂಗಳು ದಾಟಿತ್ತು, ನಕಲು ಮಾಡಿರಲಿಲ್ಲ. ನಕಲಿಗೆ ತಂದ ಡಿಸ್ಕು ಆಫೀಸಿನ ಮೇಜಿನ ಕೆಳಗೆ ಖಾಲಿ ಬಿದ್ದಿತ್ತು. ಅವರ ಮುಂದೆ ಇದನ್ನು ಹಾಕಿ, ನಾನು ಪಕ್ಕದಲ್ಲಿ ನಿಂತು ನನ್ನದೇ ಮಾತು ಕೇಳಿಸಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಮೂವತ್ತು ತುಣುಕುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟು, ಇಷ್ಟೇ ಉಳಿದದ್ದು ಅಂದೆ.

ಭಾವ ಮೂವತ್ತನ್ನೂ ಕೇಳಿದರು. ಸ್ಲೇಟಿನ ಮೇಲೆ ಬರೆದರು: 'ಬೈಗುಳ ಒಂದೂ ಉಳಿದಿಲ್ವಾ?'

"ಇಲ್ಲ ಭಾವ," ಅಂದೆ.

ಅಕ್ಕ ಹಳೆಯ ಶಿಷ್ಯರನ್ನೆಲ್ಲ ಕೇಳಿ ನೋಡಿದಳು. ಅವರ ಫೋನುಗಳಲ್ಲಿ ಭಾವನ ಫೋಟೋಗಳು ಬೇಕಾದಷ್ಟಿದ್ದವು. ಸ್ಟೀರಿಂಗ್ ಹಿಡಿದು ಬೈಸಿಕೊಳ್ಳುವಾಗ ಯಾರು ತಾನೇ ರೆಕಾರ್ಡ್ ಮಾಡುತ್ತಾರೆ? ಭಾವ ಒಂದೆರಡು ತಿಂಗಳು ಒಂದು ಕೋಲು ಹಿಡಿದುಕೊಂಡು ಕಾರಿನಲ್ಲಿ ಕೂತರು. ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಲ ಕುಟ್ಟಿದರೆ ಕ್ಲಚ್, ಎರಡು ಸಲ ಕುಟ್ಟಿದರೆ ಬ್ರೇಕ್. ಕಲಿಯುವವರು ಹೆದರಿದರು, ಒಬ್ಬೊಬ್ಬರಾಗಿ ಬಿಟ್ಟರು. ಬೈಗುಳ ಕೇಳಿ ಓಡಿಸುತ್ತಿದ್ದ ಜನಕ್ಕೆ ಆ ಮೌನ ತಡೆದುಕೊಳ್ಳಲಾಗಲಿಲ್ಲ. ಶಾಲೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಮೇಲೆ ಅವರು ಮನೆಯ ಮುಂದಿನ ಕುರ್ಚಿ ಹಿಡಿದರು. ಗೆಡ್ಡೆ ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿಕೊಂಡಿತು. ಆ ಶುಕ್ರವಾರದಿಂದ ಹನ್ನೊಂದು ತಿಂಗಳಿಗೆ ಹೋದರು. ಹೋಗುವ ಹಿಂದಿನ ವಾರ ನನ್ನನ್ನು ನೋಡಿ ಸ್ಲೇಟಿನಲ್ಲಿ 'ಏನಮ್ಮ ರಿಪೇರಿ' ಅಂತ ಬರೆದರು. ಮುಂದೆ ಬರೆಯಲು ಕೈಯಲ್ಲಿ ಶಕ್ತಿ ಇರಲಿಲ್ಲ.

ಆಮೇಲೆ ಅಕ್ಕ ವರ್ಷಕ್ಕೊಮ್ಮೆ ನನ್ನ ಅಂಗಡಿಗೆ ಬರತೊಡಗಿದಳು. ಆ ಡಿಸ್ಕನ್ನು ಒಂದು ಬಟ್ಟೆಯ ಚೀಲದಲ್ಲಿ ಸುತ್ತಿಕೊಂಡು ತರುತ್ತಾಳೆ.

"ಹೊಸ ಹೊಸ ಪ್ರೋಗ್ರಾಂ ಬರ್ತಾನೇ ಇರುತ್ತಂತಲ್ಲ. ಇನ್ನೊಂದ್ಸಲ ನೋಡ್ತೀಯಾ?"

"ನೋಡ್ತೀನಿ ಅಕ್ಕ," ಅನ್ನುತ್ತೇನೆ. ಒಂದು ವಾರ ಕಪಾಟಿನಲ್ಲಿಟ್ಟು ವಾಪಸು ಕೊಡುತ್ತೇನೆ. ಮೂರು ವರ್ಷ ಹಾಗೇ ಮಾಡಿದೆ. ಆ ಒಂದು ನಿಮಿಷ ಹತ್ತು ಸೆಕೆಂಡನ್ನು ಮಾತ್ರ ನಾನು ಎಂಥ ಜೋಪಾನ ಮಾಡಿದ್ದೆ ಗೊತ್ತೇ? ಅಂಗಡಿಯ ಮೆಷಿನ್ನಿನಲ್ಲೊಂದು, ನನ್ನ ಲ್ಯಾಪ್‌ಟಾಪಿನಲ್ಲೊಂದು, ಪೆನ್‌ಡ್ರೈವಿನಲ್ಲೊಂದು, ಫೋನಿನಲ್ಲೊಂದು. ಅವರು ಹತ್ತೊಂಬತ್ತು ದಿನ ಓದಿದ್ದಕ್ಕೆ ಒಂದು ನಕಲು ಮಾಡದವಳು, ಬಚ್ಚಿಟ್ಟದ್ದಕ್ಕೆ ನಾಲ್ಕು ಮಾಡಿದ್ದೆ.

ಈ ವರ್ಷ ಬಂದಾಗ ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಚೀಲ ಬಿಚ್ಚಲು ಹೋಗಿ ಗಂಟು ಬಿಡಿಸಲಾರದೆ ನನ್ನ ಮುಂದೆ ಚಾಚಿದಳು. ಏಕೋ ನನಗೆ ಆ ಗಂಟು ಬಿಚ್ಚಲಾಗಲಿಲ್ಲ.

"ಅದು ಬೇಡ ಅಕ್ಕ. ಕೂತ್ಕೋ," ಅಂದೆ. ಅಂಗಡಿಯ ಬಾಗಿಲನ್ನು ಅರ್ಧ ಎಳೆದೆ. ಮೆಷಿನ್ನಿನಲ್ಲಿ ಆ ತುಣುಕನ್ನು ಹಾಕಿದೆ.

ಭಾವನ ಧ್ವನಿ ಬಂದ ಕೂಡಲೇ ಅವಳು ಮೇಜಿನ ಅಂಚು ಹಿಡಿದುಕೊಂಡಳು. ನನ್ನ ಮಾತು ಬಂತು, ಜವಾಬ್ದಾರಿ ಅಂದದ್ದೂ ಬಂತು. ನಗು ಬಂದು ನಿಂತಿತು.

"ಇನ್ನೊಂದ್ಸಲ ಹಾಕು," ಅಂದಳು.

ಮೂರು ಸಲ ಹಾಕಿದೆ. ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಅವತ್ತು ನೀನು ಮನೆ ಅಂದಿದ್ದೆ, ನಾನೇ ಮಾತು ಕತ್ತರಿಸಿದ್ದು, ಆಮೇಲೆ ಭಾವನ ಮುಂದೆ ತಪ್ಪನ್ನು ನಿನ್ನ ಮೇಲೆ ಹಾಕಿದ್ದು.

"ಅದು ಗೊತ್ತು," ಅಂದಳು ಅಕ್ಕ. "ನಾನು ಫೋನ್ ಮಾಡ್ವಾಗ ಅವರು ಪಕ್ಕದಲ್ಲೇ ಕೂತಿದ್ರು. ನಾನು ಏನು ಹೇಳ್ದೆ ಅಂತ ಅವರಿಗೂ ಗೊತ್ತಿತ್ತು. ನೀನು ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ ಸರಿಯೇ ಇರುತ್ತೆ ಅಂತ ಇಬ್ರೂ ನಂಬಿ ಒತ್ತಿದ್ವಿ. ಆಮೇಲೆ ನೀನು ಹಾಗಂದಾಗ ಅವರು ಬರೆಯೋಕೆ ಹೋದ್ರು. ನಾನೇ ಬೇಡ ಅಂದೆ. ಹೋಗಿದ್ದು ಹೋಯ್ತು, ಪಾಪ, ಅವಳ ಮುಖ ನೋಡೋಕಾಗ್ತಿಲ್ಲ ಅಂತ ಮನೆಗೆ ಬಂದು ಹೇಳ್ದೆ. ಅವರೂ ತಲೆ ಆಡಿಸಿದ್ರು. ಯಾವತ್ತೂ ನಿನ್ನ ಮೇಲೆ ಒಂದಕ್ಷರ ಬರೀಲಿಲ್ಲ."

ನಾನು ಅತ್ತೆ. ಕ್ಷಮೆ ಸಿಕ್ಕಿತು ಅಂತ ಅತ್ತೆ, ಮುಚ್ಚುಮರೆ ಯಾಕೆ. ಅಕ್ಕ ಅಳಲಿಲ್ಲ.

"ಇದು ಯಾವತ್ತು ಸಿಕ್ತು?"

"ಅದೇ ವಾರ. ಆ ಮೂವತ್ತರ ಜೊತೆಗೇ."

"ಅಂದ್ರೆ ಇನ್ನೂ ಹನ್ನೊಂದು ತಿಂಗಳು ಬದುಕಿದ್ರು," ಅಂದಳು. "ಆ ಕೆಮ್ಮಿನ ತುಣುಕುಗಳನ್ನ ದಿನಾ ಹಾಕ್ಕೊಂಡು ಕೇಳೋರು. ತಾವು ನಗ್ತಿದ್ದಿದ್ದು ಹೇಗಿತ್ತು ಅಂತ ಒಂದಿನ ಬರೆದು ಕೇಳಿದ್ರು. ನಂಗೆ ಹೇಳೋಕೆ ಗೊತ್ತಾಗ್ಲಿಲ್ಲ."

ಅಕ್ಕ ಕಪಾಟಿನ ಕಡೆ ಕೈ ತೋರಿಸಿದಳು.

"ಹೊಸ ಪೆನ್‌ಡ್ರೈವ್ ಎರಡು ತೆಗೆ. ಎರಡಕ್ಕೂ ಹಾಕು."

ಹಾಕಿದೆ. ಒಂದೊಂದನ್ನೂ ನನ್ನ ಕೈಯಲ್ಲೇ ತೆರೆಸಿ, ಕೊನೆಯ ನಗುವಿನವರೆಗೂ ಕೇಳಿ, ಪರ್ಸಿನ ಬೇರೆ ಬೇರೆ ಖಾನೆಯಲ್ಲಿಟ್ಟುಕೊಂಡಳು.

"ಇನ್ನು ನಿನ್ನ ಹತ್ರ ಎಲ್ಲೆಲ್ಲಿದೆ?"

ನಾಲ್ಕು ಕಡೆಯನ್ನೂ ಹೇಳಿದೆ.

"ಅಳಿಸು."

"ಅಕ್ಕ..."

"ನನ್ನ ಕಣ್ಮುಂದೆ ಅಳಿಸು. ಇದು ಅವರದ್ದು, ನಂದು."

ಫೋನಿನದು, ಪೆನ್‌ಡ್ರೈವಿನದು, ಲ್ಯಾಪ್‌ಟಾಪಿನದು ಅಳಿಸಿದೆ. ಉಳಿದದ್ದು ಅಂಗಡಿಯ ಮೆಷಿನ್ನು. ಪರದೆಯ ಮೇಲೆ ಪ್ರಶ್ನೆ ಬಂತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿ, ತನ್ನ ರೂಢಿಯಂತೆ ಅದನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದಳು. ಈ ಫೈಲು ಶಾಶ್ವತವಾಗಿ ಅಳಿಸಿಹೋಗುತ್ತದೆ. ಇದನ್ನು ಮತ್ತೆ ಪಡೆಯಲು ಸಾಧ್ಯವಿಲ್ಲ. ಮುಂದುವರಿಯಬೇಕೇ. ಕೊನೆಯ ಅಕ್ಷರದವರೆಗೆ ನಾನು ಸುಮ್ಮನಿದ್ದೆ.

"ಹೌದು ಒತ್ತು," ಅಂದಳು ಅಕ್ಕ.

ಒತ್ತಿದೆ. ಅವಳು ಡಿಸ್ಕಿನ ಚೀಲವನ್ನು ಮೇಜಿನ ಮೇಲೇ ಬಿಟ್ಟು, ಅರ್ಧ ಎಳೆದಿದ್ದ ಬಾಗಿಲು ಸರಿಸಿ ಹೊರಗೆ ಹೋದಳು.